ಹರಾಜು ಮುಗಿಸಿ ವಿಮಾನ ಹತ್ತುವವರ ಪೆಟ್ಟಿಗೆ

ಹುಣಸೂರು ಸೀಮೆಯಲ್ಲಿ ವಿದೇಶ ಕಂಡು ಬಂದವರು ಯಾರೆಂದು ಕೇಳಿದರೆ, ಪೇಟೆಯವರು ಮೊದಲು ಸಾಫ್ಟ್‌ವೇರ್ ಕಂಪನಿ ಸೇರಿದ ಮಕ್ಕಳ ಹೆಸರು ಹೇಳುತ್ತಾರೆ. ಪಕ್ಷಿರಾಜಪುರದ ಹೆಸರು ಬರುವುದು ತಡವಾಗಿ. ನಿಜವಾಗಿ ನೋಡಿದರೆ ಗಂಟು ಮೂಟೆ ಕಟ್ಟಿ ಕಡಲು ದಾಟುವುದರಲ್ಲಿ ಈ ತಾಲ್ಲೂಕಿಗೆ ದಾರಿ ತೋರಿಸಿದವರು ಆ ಊರಿನ ಹಕ್ಕಿಪಿಕ್ಕಿಗಳು. ಹಕ್ಕಿ ಹಿಡಿದು ಬದುಕುತ್ತಿದ್ದ ಈ ಅಲೆಮಾರಿ ಜನರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಲೆ ಬಿಡದೆ ಗತಿ ಇರಲಿಲ್ಲ. ಜಾತ್ರೆಗಳಲ್ಲಿ ಮಣಿಸರ, ಪ್ಲಾಸ್ಟಿಕ್ ಹೂ ಮಾರಿದರು. ಆಮೇಲೆ ಬೇರು, ಮೂಲಿಕೆ, ತಲೆಗೂದಲಿನ ಎಣ್ಣೆ ಹಿಡಿದು ಆಫ್ರಿಕಾದ ದೇಶಗಳಿಗೆ ಹೊರಟರು. ಇಂದು ಮೊಬೈಲ್‌ನಲ್ಲಿ ಕಾಣುವ ‘ಆದಿವಾಸಿ ಹೇರ್ ಆಯಿಲ್’ ಜಾಹೀರಾತುಗಳ ಹಿಂದೆ ಇದೇ ಸಮುದಾಯದ ವ್ಯಾಪಾರವಿದೆ.

ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಸರಕೇ ಹೆಚ್ಚು. ವ್ಯಾಪಾರಕ್ಕೆ ಹೋಗುವವನು ಉಡುಪಿಗೆ ತೂಕ ಕಳೆಯಲು ಒಪ್ಪುವುದಿಲ್ಲ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿ ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯವರು ಅವರಲ್ಲಿದ್ದರು. ಕೆಲವರು ರಾಜಧಾನಿ ಖಾರ್ಟೂಮ್‌ನಲ್ಲಿ, ಕೆಲವರು ದೂರದ ದಾರ್ಫುರ್ ಪ್ರಾಂತ್ಯದ ಎಲ್ ಫಾಶರ್‌ನಲ್ಲಿ. ಒಂಬತ್ತು ದಿನಗಳ ನಂತರ ಕೇಂದ್ರ ಸರ್ಕಾರ ಶುರುಮಾಡಿದ ತೆರವು ಕಾರ್ಯಾಚರಣೆಗೆ ಇಟ್ಟ ಹೆಸರು ‘ಆಪರೇಷನ್ ಕಾವೇರಿ’. ಪಿರಿಯಾಪಟ್ಟಣದ ಅಂಚಿನಲ್ಲಿ ಹರಿದು, ಕೆ.ಆರ್. ನಗರದ ಚುಂಚನಕಟ್ಟೆಯಲ್ಲಿ ಧುಮ್ಮಿಕ್ಕುವ ಹೊಳೆಯ ಹೆಸರು ಕೆಂಪು ಸಮುದ್ರದ ದಡದಲ್ಲಿ ಕೇಳಿಬಂತು. ಬಸ್ಸಿನಲ್ಲಿ ಪೋರ್ಟ್ ಸುಡಾನ್‌ವರೆಗೆ, ಅಲ್ಲಿಂದ ನೌಕಾಪಡೆಯ ಹಡಗು ಇಲ್ಲವೇ ವಾಯುಪಡೆಯ ವಿಮಾನದಲ್ಲಿ ಜೆದ್ದಾಕ್ಕೆ, ಜೆದ್ದಾದಿಂದ ಭಾರತಕ್ಕೆ. ಹೀಗೆ ಒಟ್ಟು 3,800ಕ್ಕೂ ಹೆಚ್ಚು ಮಂದಿ ವಾಪಸಾದರು.

ಗುಂಡಿನ ಸದ್ದಿನ ನಡುವೆ ಹೊರಡುವವರು ದೊಡ್ಡ ಸೂಟ್‌ಕೇಸ್ ಎಳೆಯುತ್ತಾ ನಿಲ್ಲಲಾರರು. ಆಗ ಕೈಗೆ ಬರುವುದು ಸೊಂಟದ ಚೀಲ ಒಂದೇ. ಪಾಸ್‌ಪೋರ್ಟ್, ಅದರ ನಕಲು, ಒಂದಿಷ್ಟು ಡಾಲರ್, ದಿನದ ಮಾತ್ರೆ, ಚಾರ್ಜ್ ಇರುವ ಫೋನ್, ಕಾಗದದ ಮೇಲೆ ಬರೆದುಕೊಂಡ ರಾಯಭಾರ ಕಚೇರಿಯ ಮತ್ತು ಊರಿನವರ ನಂಬರ್. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗುವ ಅಜ್ಜಿಗೂ, ಎಣ್ಣೆ ಮಾರಲು ಹೋಗುವ ಯುವಕನಿಗೂ ಮೊದಲು ಕಟ್ಟಬೇಕಾದ ಚೀಲ ಇದೇ. ಸ್ವೆಟರು, ಉಪ್ಪಿನಕಾಯಿ ಎಲ್ಲ ಆಮೇಲಿನ ಮಾತು.

ಆಫ್ರಿಕಾ ಎಂದರೆ ಬರೀ ಬಿಸಿಲು ಎಂದುಕೊಂಡು ಹೋದವರಿಗೆ ಅಲ್ಲಿನ ಹವೆ ಪಾಠ ಕಲಿಸುತ್ತದೆ. ಸುಡಾನಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಜೊತೆಗೆ ಗೋಡೆಯಂತೆ ಎದ್ದು ಬರುವ ದೂಳಿನ ಬಿರುಗಾಳಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಳೆ. ಐವರಿ ಕೋಸ್ಟ್ ಕಡೆ ಮೇ, ಜೂನ್ ಬಂತೆಂದರೆ ಕೊಡಗಿನ ಜಡಿಮಳೆ ನೆನಪಾಗುತ್ತದೆ. ಅದೇ ಕರಾವಳಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಸಹಾರಾದಿಂದ ಹರ್ಮಟ್ಟಾನ್ ಎಂಬ ಒಣಗಾಳಿ ಬೀಸುತ್ತದೆ. ತುಟಿ, ಮೂಗು, ಹಿಮ್ಮಡಿ ಎಲ್ಲ ಬಿರಿಯುತ್ತವೆ, ಕಣ್ಣಿಗೆ ದೂಳು ಮೆತ್ತುತ್ತದೆ. ಗ್ಯಾಬನ್‌ನಲ್ಲಿ ಲೆಕ್ಕ ತಿರುಗುಮುರುಗು. ನಮ್ಮಲ್ಲಿ ಮುಂಗಾರು ಹೊಯ್ಯುವ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಮಳೆಯಿಲ್ಲದ ಕಾಲ, ಅಕ್ಟೋಬರ್ ನಂತರ ಮಳೆ. ತುಂಬುತೋಳಿನ ಹತ್ತಿ ಅಂಗಿ, ತಲೆಗೆ ಟವೆಲ್, ಸೊಳ್ಳೆಪರದೆ, ಸೊಳ್ಳೆಗೆ ಹಚ್ಚುವ ಮುಲಾಮು: ಈ ನಾಲ್ಕು ಎಲ್ಲ ಕಾಲಕ್ಕೂ ಬೇಕು. ಮಲೇರಿಯಾ ಮಾತ್ರೆಯನ್ನು ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿ ಶುರು ಮಾಡಬೇಕು. ಜ್ವರ ಬಂದ ಮೇಲೆ ಹುಡುಕುವ ಔಷಧ ಅದಲ್ಲ.

ಜೊತೆಗೆ ಬೇಕಾದ ಇನ್ನೊಂದು ವಸ್ತು ಹಳದಿ ಪುಸ್ತಕ. ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಈ ಪ್ರಮಾಣಪತ್ರ ಇಲ್ಲದೆ ಆಫ್ರಿಕಾದ ಹಲವು ದೇಶಗಳು ಒಳಗೆ ಬಿಡುವುದಿಲ್ಲ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಚುಚ್ಚುಮದ್ದು ತೆಗೆದುಕೊಳ್ಳಬೇಕು, ಅದು ಊರ್ಜಿತವಾಗುವುದು ಹತ್ತು ದಿನಗಳ ನಂತರ. ಒಮ್ಮೆ ಹಾಕಿಸಿಕೊಂಡರೆ 2016ರಿಂದೀಚಿನ ನಿಯಮದಂತೆ ಜೀವನಪೂರ್ತಿ ಸಾಕು. ಕಾಗದ ಕಳೆದುಕೊಂಡು ಈ ಜ್ವರವಿರುವ ದೇಶದಿಂದ ಮರಳಿದವರನ್ನು ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮನೆಗೆ ಮುಟ್ಟುವ ಮುಂಚೆ ಬೆಂಗಳೂರಿನಲ್ಲೇ ಬಂಧಿಯಾಗುವುದು ಯಾರಿಗೆ ಬೇಕು?

ಇನ್ನು ಹೊಲ ತೋಟದವರ ಕಥೆ. ಇವರ ಪೆಟ್ಟಿಗೆಯ ಕಷ್ಟಕ್ಕೆ ಮೂಲ ಇರುವುದು ಬೆಳೆಯ ಪಂಚಾಂಗದಲ್ಲಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಮೂರೂ ವರ್ಜೀನಿಯಾ ಹೊಗೆಸೊಪ್ಪಿನ ತಾಲ್ಲೂಕುಗಳು. ಮೇ, ಜೂನ್‌ನಲ್ಲಿ ನಾಟಿ, ಜುಲೈ ನಂತರ ಸೊಪ್ಪು ಮುರಿದು ಬ್ಯಾರನ್‌ನಲ್ಲಿ ಬೇಯಿಸುವ ಕೆಲಸ, ಮಳೆಗಾಲ ಕಳೆಯುವ ಹೊತ್ತಿಗೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಮಾರುಕಟ್ಟೆಗಳಲ್ಲಿ ಹರಾಜು. ಬ್ಯಾರನ್ ಉರಿಯುವಾಗ ಒಂದು ರಾತ್ರಿ ಮನೆ ಬಿಡಲೂ ಆಗುವುದಿಲ್ಲ, ಆರು ತಿಂಗಳು ವಿದೇಶದಲ್ಲಿರುವ ಮಾತು ದೂರವೇ ಉಳಿಯಿತು. ಕೆ.ಆರ್. ನಗರದ ಭತ್ತದ ಬಯಲಿನವರಿಗೆ ಕೊಯ್ಲು, ಒಕ್ಕಣೆ ಮುಗಿಯುವುದು ಡಿಸೆಂಬರ್ ಸುಮಾರಿಗೆ. ಶುಂಠಿ ಹಾಕಿದವರು ಕಿತ್ತು ಮಾರುವುದೂ ಚಳಿಗಾಲದಲ್ಲೇ.

ಅಂದರೆ ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿ ಹವೆ ಹಿತವಾಗಿರುವ ಮೇ–ಸೆಪ್ಟೆಂಬರ್ ತಿಂಗಳುಗಳಲ್ಲಿ ಇವರಿಗೆ ಬಿಡುವಿಲ್ಲ. ಕೈ ತುಂಬ ದುಡ್ಡೂ ಮೈಗೆ ವಿರಾಮವೂ ಸಿಗುವ ಜನವರಿಯಲ್ಲಿ ಅಲ್ಲಿ ಹಿಮ. ಪ್ರವಾಸ ಕಂಪನಿಗಳ ಪಟ್ಟಿಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇಸಿಗೆ ರಜೆಯ ಮೇಷ್ಟ್ರು ಸಂಸಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು ಅವು. ಹೊಗೆಸೊಪ್ಪಿನ ರೈತ ಮೊದಲ ಸಲ ವಿಮಾನ ಹತ್ತುವುದೇ ಕಡು ಚಳಿಗೆ.

ಎಷ್ಟು ಚಳಿ? ನಮ್ಮ ಕಡೆ ಸಂಕ್ರಾಂತಿಯ ಬೆಳಗಿನ ಹದಿನೈದು ಹದಿನಾರು ಡಿಗ್ರಿಗೇ ಮಂಕಿ ಕ್ಯಾಪ್ ಹೊರಬರುತ್ತದೆ. ಶಿಕಾಗೊದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿರುವುದು ಸಹಜ. 2019ರ ಜನವರಿ 30ರಂದು ಅದು ಮೈನಸ್ 30ಕ್ಕೆ ಇಳಿದಿತ್ತು. ಆದರೆ ಮಗ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಾದರೆ ಅದೇ ತಿಂಗಳು ಮಡಿಕೇರಿಯ ಚಳಿಗಿಂತ ತುಸು ಹೆಚ್ಚು, ಅಷ್ಟೇ. ‘ಅಮೆರಿಕದಲ್ಲಿ ಚಳಿಯಂತೆ’ ಎಂಬ ಮಾತು ನಂಬಿ ಪೆಟ್ಟಿಗೆ ತುಂಬಬಾರದು. ಯಾವ ಊರು, ಯಾವ ತಿಂಗಳು ಎಂದು ಕೇಳಿ, ಫೋನಿನಲ್ಲಿ ಆ ಊರಿನ ಹವೆ ಹತ್ತು ದಿನ ಸುಮ್ಮನೆ ನೋಡುತ್ತಾ ಬಂದರೆ ಅರ್ಧ ಗೊಂದಲ ಕಳೆಯುತ್ತದೆ.

ಚಳಿಯ ಬಟ್ಟೆಗೆ ಈ ಸೀಮೆಯವರು ಬೆಂಗಳೂರಿನ ಮಾಲ್‌ಗಳಿಗೆ ಅಲೆಯಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅರವತ್ತು ವರ್ಷಗಳಿಂದ ಉಣ್ಣೆ ಬಟ್ಟೆಯ ವ್ಯಾಪಾರ ಬಲ್ಲ ಜನರಿದ್ದಾರೆ. ಸುಮಾರು ಮೂರು ಸಾವಿರ ಎಕರೆ ಜಾಗ ಪಡೆದು, 1960ರ ದಶಕದ ಮೊದಲಲ್ಲಿ ಇಲ್ಲಿ ನೆಲೆನಿಂತ ಟಿಬೆಟನ್ನರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಚಳಿಗಾಲ ಬಂತೆಂದರೆ ಲೂಧಿಯಾನದ ಸ್ವೆಟರ್ ತಂದು ದೇಶದ ಊರೂರುಗಳಲ್ಲಿ ಮಾರುವುದು ಅವರ ಇನ್ನೊಂದು ಕಸುಬು. ಕ್ಯಾಂಪಿನ ಅಂಗಡಿಗಳಲ್ಲಿ, ಗೋಲ್ಡನ್ ಟೆಂಪಲ್ ಮುಂದಿನ ಸಾಲಿನಲ್ಲಿ ಜಾಕೆಟ್, ಉಣ್ಣೆಯ ಶಾಲು, ಟೋಪಿ ಸಿಗುತ್ತವೆ. ಅವರಲ್ಲೂ ಮಕ್ಕಳು ಟೊರಾಂಟೊ, ನ್ಯೂಯಾರ್ಕ್ ಸೇರಿದ ಮನೆಗಳು ಬೇಕಾದಷ್ಟಿವೆ. ಒಂದು ವ್ಯತ್ಯಾಸ: ಭಾರತದ ಪಾಸ್‌ಪೋರ್ಟ್ ಇಲ್ಲದ ಟಿಬೆಟನ್ನರು ಹಳದಿ ರಟ್ಟಿನ ಗುರುತಿನ ಪುಸ್ತಕದ ಮೇಲೆ ಪ್ರಯಾಣ ಮಾಡುತ್ತಾರೆ. ಮರಳಿ ಬರಲು ಆಕ್ಷೇಪವಿಲ್ಲ ಎಂಬ ಮುದ್ರೆ ಅದರಲ್ಲಿ ಇರಬೇಕು. ಪೆಟ್ಟಿಗೆ ಮರೆತರೂ ನಡೆದೀತು, ಆ ಮುದ್ರೆ ಮರೆತರೆ ವಾಪಸು ಬರುವ ದಾರಿಯೇ ಕಷ್ಟ.

ಇಲ್ಲಿಂದ ಕೊಂಡೊಯ್ಯಬೇಕಾದದ್ದು ಮೈಗಂಟುವ ಥರ್ಮಲ್ ಎರಡು ಜೊತೆ, ಅದರ ಮೇಲೆ ಹಾಕುವ ಉಣ್ಣೆಯ ಅಥವಾ ಫ್ಲೀಸ್ ಅಂಗಿ ಎರಡು, ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಕೈಗವಸು, ಮಫ್ಲರ್. ಗಾಳಿ ಮತ್ತು ನೀರು ತಡೆಯುವ ಹೊರಗಿನ ದಪ್ಪ ಕೋಟು, ಹಿಮದ ಬೂಟು ಅಲ್ಲೇ ಕೊಳ್ಳುವುದು ಲೇಸು. ಮೈಸೂರಿನಲ್ಲಿ ‘ಹಿಮಕ್ಕೆ’ ಎಂದು ಮಾರುವ ಕೋಟುಗಳು ಬಹುಪಾಲು ಊಟಿಯ ಚಳಿಯ ಅಳತೆಯವು. ಮೂರು ಕಿಲೋ ತೂಗಿಯೂ ಟೊರಾಂಟೊದ ಗಾಳಿಗೆ ಸಾಲುವುದಿಲ್ಲ. ಅಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಒಳ್ಳೆಯ ಕೋಟು ಕಡಿಮೆ ಬೆಲೆಗೆ ಸಿಗುತ್ತದೆ. ಪರರು ತೊಟ್ಟ ಬಟ್ಟೆ ಎಂಬ ಅಳುಕು ನಮ್ಮ ಹಿರಿಯರಿಗೆ ಇರುವುದು ನಿಜ, ಒಂದು ಚಳಿಗಾಲಕ್ಕೆ ಅದನ್ನು ಬದಿಗಿಟ್ಟರೆ ಲಾಭ.

ಹತ್ತಿಯ ಬನಿಯನ್ ಇಲ್ಲಿ ರಾಜ, ಅಲ್ಲಿ ಶತ್ರು. ನಡೆದು ಬೆವರಿದರೆ ಹತ್ತಿ ಆ ತೇವವನ್ನು ಹಿಡಿದಿಟ್ಟುಕೊಂಡು ಮೈಯನ್ನು ಇನ್ನಷ್ಟು ಕೊರೆಯುವಂತೆ ಮಾಡುತ್ತದೆ. ಉಣ್ಣೆ ತೇವವಾದರೂ ಬೆಚ್ಚಗಿಡುತ್ತದೆ. ಜೀನ್ಸ್ ಹಿಮದಲ್ಲಿ ನೆನೆದರೆ ಒಣಗುವುದೇ ಇಲ್ಲ.

ಸೀರೆ ಬಿಡದ ಹೆಂಗಸರ ವಿಷಯ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಸೀರೆಯ ಅಂಚು ಫುಟ್‌ಪಾತಿನ ಕರಗಿದ ಹಿಮದಲ್ಲಿ ಗುಡಿಸುತ್ತಾ ಹೋಗಿ ಮೊಣಕಾಲಿನವರೆಗೆ ತೇವ ಏರುತ್ತದೆ. ಅದಕ್ಕೇ ಅನುಭವಸ್ಥ ಅಜ್ಜಿಯರು ಒಳಗೆ ಉಣ್ಣೆಯ ಲೆಗ್ಗಿಂಗ್ಸ್ ಹಾಕಿ, ಸೀರೆಯನ್ನು ಒಂದು ಗೇಣು ಎತ್ತಿ ಉಡುತ್ತಾರೆ. ಹೊರಗೆ ಹೋಗುವಾಗ ಚೂಡಿದಾರಕ್ಕೂ ಒಪ್ಪಿಕೊಳ್ಳುತ್ತಾರೆ. ಕಾಲುಂಗುರದ್ದು ಇನ್ನೊಂದು ಪಾಡು. ದಪ್ಪ ಕಾಲುಚೀಲದ ಒಳಗೆ, ಬಿಗಿಯಾದ ಬೂಟಿನೊಳಗೆ ಅದು ಬೆರಳನ್ನು ಒತ್ತಿ ಗಾಯ ಮಾಡುತ್ತದೆ. ಬೂಟನ್ನು ಅರ್ಧ ಸೈಜ್ ದೊಡ್ಡದು ಕೊಳ್ಳಬೇಕು, ಕಾಲುಂಗುರ ಸುತ್ತುಸುತ್ತಿನದಾಗಿರದೆ ತೆಳ್ಳಗಿರಬೇಕು. ಮನೆಯೊಳಗೆ ಇಪ್ಪತ್ತು ಡಿಗ್ರಿಯ ಹೀಟರ್ ಇರುತ್ತದೆ, ಹಾಗಾಗಿ ಒಳಗೆ ಉಡಲು ಹತ್ತಿ ಸೀರೆ, ಪಂಚೆ, ಹವಾಯಿ ಚಪ್ಪಲಿಯೇ ಸಾಕು. ಆ ಹೀಟರ್ ಗಾಳಿಯನ್ನು ಒಣಗಿಸಿಬಿಡುವುದರಿಂದ ತುಟಿಗೆ, ಹಿಮ್ಮಡಿಗೆ ಎಣ್ಣೆ ಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಸಣ್ಣ ಬಾಯಿಯ ಬಾಟಲಿಯಲ್ಲಿ ಒಯ್ದರೆ ಅಲ್ಲಿ ಒಂದು ಹನಿಯೂ ಹೊರಬಾರದು. ಅಗಲ ಬಾಯಿಯ ಡಬ್ಬಿಗೆ ಸುರಿದುಕೊಂಡು, ಮುಚ್ಚಳದ ಸುತ್ತ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನೊಳಗೆ ಇಡುವುದು ಜಾಣತನ.

ಬಾಣಂತನಕ್ಕೆ ಹೋಗುವವರು ಕಾಲ ನೋಡಿ ಹೊರಡುವಂತಿಲ್ಲ. ಹೆರಿಗೆಯ ತಾರೀಕು ಹೊಗೆಸೊಪ್ಪನ್ನೂ ಕೇಳುವುದಿಲ್ಲ, ಹಿಮವನ್ನೂ ಕೇಳುವುದಿಲ್ಲ. ಅಮೆರಿಕದಲ್ಲಿ ಸಂದರ್ಶಕರಿಗೆ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು ಇರಲು ಬಿಡುತ್ತಾರೆ. ಫೆಬ್ರುವರಿಯಲ್ಲಿ ಇಳಿದವರು ಆಗಸ್ಟ್‌ನಲ್ಲಿ ಹೊರಡುವ ಹೊತ್ತಿಗೆ ಹಿಮ, ವಸಂತ, 35 ಡಿಗ್ರಿಯ ಸೆಕೆ ಮೂರನ್ನೂ ನೋಡಿರುತ್ತಾರೆ. ಒಂದೇ ಪೆಟ್ಟಿಗೆಯಲ್ಲಿ ಮೂರು ಕಾಲ ತುಂಬುವುದೆಂದರೆ ಒಂದರ ಮೇಲೊಂದು ಹಾಕಿ, ಸೆಕೆ ಬಂದಂತೆ ಒಂದೊಂದಾಗಿ ತೆಗೆಯುವಂಥ ತೆಳು ಬಟ್ಟೆಗಳನ್ನೇ ಆರಿಸಬೇಕು. ಮಕ್ಕಳನ್ನು ನೋಡಲು ಹೋಗಿ ಅಮೆರಿಕವನ್ನೂ ನೋಡಿಬರುವ ಈ ಪದ್ಧತಿ ಹೊಸದಲ್ಲ. ಪಕ್ಕದ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅಜ್ಜಿಯ ಪೆಟ್ಟಿಗೆಯಲ್ಲಿ ಕಡ್ಡಾಯವಾಗಿ ಕಾಣುವುದು ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಸೀರೆ. ಮಗು ಸುತ್ತಲು, ಬಾಣಂತಿಗೆ ಹೊಟ್ಟೆ ಕಟ್ಟಲು, ಒರೆಸಲು, ಹಾಸಲು ಅದಕ್ಕೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗದು. ಹಗುರ ಬೇರೆ. ಜೊತೆಗೆ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ರಾಗಿಹಿಟ್ಟು, ಒಣಶುಂಠಿ, ಮೆಣಸು. ಇವನ್ನು ಎರಡೆರಡು ಕವರಿನಲ್ಲಿ ಸೀಲ್ ಮಾಡಿಸಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಒಯ್ದರೆ ಕಸ್ಟಮ್ಸ್‌ನವರಿಗೆ ತೋರಿಸಲು ಸುಲಭ. ತರಕಾರಿ, ಹಣ್ಣು, ಮಾಂಸ ಬೇಡ. ಹಸಿ ಕರಿಬೇವನ್ನಂತೂ ಅಮೆರಿಕ ಒಳಗೆ ಬಿಡುವುದೇ ಇಲ್ಲ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಕೀಟ ಆ ಎಲೆಯ ಮೇಲೆ ಬದುಕುತ್ತದೆ ಎಂಬುದು ಕಾರಣ.

ಬಾಣಂತಿ ಲೇಹ್ಯದ ಬಗ್ಗೆ ಎಚ್ಚರಿಕೆಯ ಮಾತೊಂದು ಹೇಳಲೇಬೇಕು. ಹೆಸರಿಲ್ಲದ ಡಬ್ಬಿಯ ಲೇಹ್ಯ, ಭಸ್ಮಗಳನ್ನು ಒಯ್ಯಬೇಡಿ. ಭಾರತದಿಂದ ತರಿಸಿದ ಇಂಥ ಔಷಧ ಸೇವಿಸಿ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ಏರಿದ ಪ್ರಕರಣಗಳನ್ನು ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2011–12ರಲ್ಲಿ ದಾಖಲಿಸಿದೆ. ಮನೆಯಲ್ಲೇ ಕಣ್ಣೆದುರು ಮಾಡಿದ ಶುಂಠಿ, ಜೀರಿಗೆ, ಬೆಲ್ಲದ ಖಾರವೇ ಕ್ಷೇಮ.

ಪೂಜೆಯ ಸಾಮಾನಿನಲ್ಲೂ ಎರಡು ವಸ್ತು ವಿಮಾನಕ್ಕೆ ನಿಷಿದ್ಧ. ಒಂದು ಕರ್ಪೂರ, ಇನ್ನೊಂದು ಒಣ ಕೊಬ್ಬರಿ. ಕರ್ಪೂರ ಹೊತ್ತಿಕೊಳ್ಳುತ್ತದೆಂಬುದು ಎಲ್ಲರಿಗೂ ಗೊತ್ತು. ಕೊಬ್ಬರಿ ಗಿಟುಕಿನ ವಿಷಯ ಕೇಳಿ ಜನ ನಗುತ್ತಾರೆ. ಎಣ್ಣೆಯ ಅಂಶ ಹೆಚ್ಚಿರುವ ಕೊಬ್ಬರಿ ತನ್ನಷ್ಟಕ್ಕೆ ಕಾವು ಏರಿ ಉರಿಯಬಲ್ಲದು ಎಂಬ ಕಾರಣಕ್ಕೆ ಅದು ಅಂತರರಾಷ್ಟ್ರೀಯ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಮಡಿಲು ತುಂಬಿದ ಕೊಬ್ಬರಿಯನ್ನು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹಾಕಿ ಕಣ್ಣೀರಿಡುವುದಕ್ಕಿಂತ ಮನೆಯ ದೇವರ ಮುಂದೆ ಇಟ್ಟು ಹೊರಡುವುದು ವಾಸಿ.

ಗಲ್ಫ್ ದೇಶಗಳಿಗೆ ಹೋಗುವವರು ಗಸಗಸೆಯನ್ನು ನೆನಪಿಟ್ಟುಕೊಳ್ಳಬೇಕು, ಬಿಟ್ಟು ಹೋಗುವ ಸಲುವಾಗಿ. ಹಬ್ಬಕ್ಕೆ ಪಾಯಸ ಮಾಡುವ ಈ ಕಾಳು ಯುಎಇ, ಸೌದಿ ಅರೇಬಿಯಾದಲ್ಲಿ ಮಾದಕ ವಸ್ತುವಿನ ಲೆಕ್ಕಕ್ಕೆ ಸೇರುತ್ತದೆ, ಒಂದು ಹಿಡಿ ಸಿಕ್ಕರೂ ಜೈಲು ಪಾಲಾಗಬಹುದು. ಹೋಟೆಲ್ ಕೆಲಸ, ಡ್ರೈವರ್ ಕೆಲಸಕ್ಕೆಂದು ಹೋಗುವ ಹುಡುಗರ ಬ್ಯಾಗಿಗೆ ತಾಯಂದಿರು ಮಸಾಲೆ ಪೊಟ್ಟಣ ತುರುಕುವಾಗ ಇದನ್ನು ನೋಡಿಕೊಳ್ಳಬೇಕು. ಎಲೆ ಅಡಿಕೆ, ಗುಟ್ಕಾ ಕೂಡ ಬೇಡ. ಕೋಡಿನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳು ಅಲ್ಲಿ ನಿರ್ಬಂಧಿತ. ಯಾವ ಮಾತ್ರೆಯೇ ಆಗಲಿ ವೈದ್ಯರ ಚೀಟಿಯೊಂದಿಗೆ, ಅಂಗಡಿಯ ಮೂಲ ಪಟ್ಟಿಯಲ್ಲೇ ಇರಬೇಕು.

ಬಟ್ಟೆಯ ವಿಚಾರದಲ್ಲಿ ಗಲ್ಫ್ ಎರಡು ತಪ್ಪು ಮಾಡಿಸುತ್ತದೆ. ಮೊದಲನೆಯದು ಯಾವಾಗಲೂ ಸೆಕೆ ಎಂದುಕೊಳ್ಳುವುದು. ರಿಯಾದ್, ಕುವೈತ್‌ನಲ್ಲಿ ಜನವರಿಯ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ಮರುಭೂಮಿಯ ಗಾಳಿಗೆ ಜರ್ಕಿನ್ ಬೇಕೇ ಬೇಕು. ಎರಡನೆಯದು ಬೇಸಿಗೆಗೆ ಸ್ವೆಟರ್ ಏಕೆ ಎಂದು ಬಿಟ್ಟು ಹೋಗುವುದು. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ ಸುಮಾರು 54 ಡಿಗ್ರಿ ದಾಖಲಾಗಿತ್ತು. ಅಷ್ಟು ಬಿಸಿಲಿನ ಊರಿನಲ್ಲಿ ಬಸ್ಸು, ಆಸ್ಪತ್ರೆ, ಮಾಲ್‌ಗಳ ಎ.ಸಿ. ಮೈ ನಡುಗಿಸುವಷ್ಟಿರುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಲ್ಲಿ ಕೆಲಸ ಮಾಡಿಸುವುದನ್ನು ಕಾನೂನು ತಡೆಯುತ್ತದೆ. ಕೆಲಸಕ್ಕೆ ಹೋಗುವ ಹುಡುಗರು ಇದನ್ನು ತಿಳಿದಿರಬೇಕು. ಯಾರೂ ಅವರಿಗೆ ತಾವಾಗಿ ಹೇಳುವುದಿಲ್ಲ.

ಹಜ್‌ಗೆ ಹೊರಡುವವರ ಪೆಟ್ಟಿಗೆಗೆ ತನ್ನದೇ ಆದ ಲೆಕ್ಕವಿದೆ. ಚಾಂದ್ರಮಾನದ ಯಾತ್ರೆಯಾದ್ದರಿಂದ ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2006ರ ಜನವರಿಯ ಹಜ್ ನಡೆದದ್ದು ಹಿತವಾದ ಹವೆಯಲ್ಲಿ. ಆ ವರ್ಷ ಹೋಗಿಬಂದ ಹಿರಿಯರ ಸಲಹೆ ಈಗ ಕೆಲಸಕ್ಕೆ ಬಾರದು. 2024ರ ಜೂನ್‌ನಲ್ಲಿ ಮೆಕ್ಕಾದ ದೊಡ್ಡ ಮಸೀದಿಯ ಬಳಿ 51.8 ಡಿಗ್ರಿ ಬಿಸಿಲಿತ್ತು; ಸೌದಿ ಸರ್ಕಾರವೇ ಹೇಳಿದಂತೆ 1,301 ಯಾತ್ರಿಕರು ತೀರಿಕೊಂಡರು, ಅವರಲ್ಲಿ ಬಹುಪಾಲು ನೋಂದಣಿಯಿಲ್ಲದೆ, ನೆರಳಿಲ್ಲದೆ ದೂರ ನಡೆದವರು. ಯಾತ್ರೆಯ ಬಟ್ಟೆಯಾದ ಇಹ್ರಾಮ್ ತೊಟ್ಟ ಗಂಡಸರು ತಲೆಗೆ ಟೋಪಿ, ಟವೆಲ್ ಹಾಕುವಂತಿಲ್ಲ. ಆದರೆ ಕೊಡೆ ಹಿಡಿಯಬಹುದು. ತಿಳಿ ಬಣ್ಣದ ಮಡಚುವ ಕೊಡೆ ಅಲ್ಲಿ ಜೀವ ಉಳಿಸುವ ವಸ್ತು. ಪರಿಮಳದ ಸೋಪೂ ಇಹ್ರಾಮ್‌ನಲ್ಲಿ ಸಲ್ಲದು. ಮೈಸೂರಿನವರ ಹೆಮ್ಮೆಯ ಮೈಸೂರ್ ಸ್ಯಾಂಡಲ್ ಆ ದಿನಗಳ ಮಟ್ಟಿಗೆ ಪೆಟ್ಟಿಗೆಯಲ್ಲೇ ಉಳಿಯಬೇಕು, ವಾಸನೆಯಿಲ್ಲದ ಸೋಪು ಬೇರೆ ಒಯ್ಯಬೇಕು. ಎರಡು ಜೊತೆ ಇಹ್ರಾಮ್, ಸವೆದು ಮೆತ್ತಗಾದ ಚಪ್ಪಲಿ, ತೊಡೆ ಸಂದಿ ಉಜ್ಜಿ ಹುಣ್ಣಾಗದಂತೆ ವ್ಯಾಸಲೀನ್, ಓಆರ್‌ಎಸ್ ಪೊಟ್ಟಣ. ಹೊಸ ಚಪ್ಪಲಿ ಹಾಕಿಕೊಂಡು ಹೋದವರು ಮೂರನೇ ದಿನಕ್ಕೇ ಕುಂಟುತ್ತಾರೆ.

ಯೂರೋಪ್ ಪ್ರವಾಸದ ಬಸ್ಸುಗಳಲ್ಲಿ ಕನ್ನಡ ಹೆಚ್ಚಾಗಿ ಕೇಳಿಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಶಾಲೆಗಳಿಗೆ ರಜೆ ಇರುವಾಗ. ಪ್ಯಾರಿಸ್‌ನಲ್ಲಿ ತುಂಬುತೋಳಿನ ಅಂಗಿಯ ಮೇಲೆ ಒಂದು ಸ್ವೆಟರ್ ಸಾಕು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ರೈಲು ಹತ್ತಿ 3,454 ಮೀಟರ್ ಎತ್ತರಕ್ಕೆ ಹೋದಾಗ ಮೇ ತಿಂಗಳಲ್ಲೂ ಸೊನ್ನೆಗಿಂತ ಕೆಳಗೆ. ಜುಲೈನಲ್ಲಿ ಹೋಗುವವರು ಹತ್ತಿ ಬಟ್ಟೆ ಮರೆಯಬಾರದು: 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ 40.3 ಡಿಗ್ರಿ ದಾಖಲಾಯಿತು, ಅಲ್ಲಿನ ಬಹಳಷ್ಟು ಮನೆಗಳಲ್ಲಿ ಫ್ಯಾನೂ ಇರುವುದಿಲ್ಲ. ತುಪ್ಪ, ಪೇಡಗಳಂಥ ಹಾಲಿನ ಪದಾರ್ಥವನ್ನು ಬ್ರಿಟನ್, ಯೂರೋಪ್ ಎರಡೂ ತರಗೊಡುವುದಿಲ್ಲ.

ಆಸ್ಟ್ರೇಲಿಯಾಕ್ಕೆ ಕ್ಯಾಲೆಂಡರನ್ನೇ ತಲೆಕೆಳಗೆ ಹಿಡಿಯಬೇಕು. ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಬೇಸಿಗೆ, ಹೊಗೆಸೊಪ್ಪಿನ ರೈತರ ಬಿಡುವಿಗೆ ಹೇಳಿ ಮಾಡಿಸಿದ ದೇಶ ಅದು. ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್ ಬೇಕು, ಜೊತೆಗೆ ಒಂದು ಸ್ವೆಟರ್, ಏಕೆಂದರೆ ಆ ಊರಿನಲ್ಲಿ ಮಧ್ಯಾಹ್ನದ 38 ಡಿಗ್ರಿ ಸಂಜೆಗೆ 20 ಆಗಿಬಿಡಬಹುದು. ತಿನ್ನುವ ವಸ್ತು ಏನೇ ಇದ್ದರೂ ಇಳಿಯುವ ಮುಂಚೆ ಕೊಡುವ ಚೀಟಿಯಲ್ಲಿ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ಸ್ಥಳದಲ್ಲೇ ದಂಡ. ಎಚ್.ಡಿ. ಕೋಟೆ ಕಾಡಿನ ಜೇನು ಎಷ್ಟೇ ಶುದ್ಧವಾಗಿರಲಿ, ನ್ಯೂಜಿಲೆಂಡ್ ಅದನ್ನು ಒಳಗೆ ಬಿಡುವುದಿಲ್ಲ. ಮೊಮ್ಮಗನಿಗೆಂದು ಆರಿಸಿಟ್ಟ ನವಿಲುಗರಿಯನ್ನು ಭಾರತದಿಂದ ಹೊರಗೆ ಒಯ್ಯುವುದೇ ಕಾನೂನುಬಾಹಿರ.

ತೂಕದ ಮಾತು. ಅಮೆರಿಕದ ಟಿಕೆಟ್ ಕೊಂಡವರಿಗೆ ಬಹುತೇಕ ಕಂಪನಿಗಳು 23 ಕಿಲೋದ ಎರಡು ಪೆಟ್ಟಿಗೆ ಬಿಡುತ್ತವೆ, ಗಲ್ಫ್ ಕಡೆ ಒಟ್ಟು ತೂಕದ ಲೆಕ್ಕ, ಕೈಚೀಲ ಸಾಮಾನ್ಯವಾಗಿ ಏಳು ಕಿಲೋ. ಯಾವ ಒಂದು ಪೆಟ್ಟಿಗೆಯೂ 32 ಕಿಲೋ ಮೀರುವಂತಿಲ್ಲ, ಎತ್ತುವ ಕೆಲಸಗಾರರ ಬೆನ್ನು ಉಳಿಯಲೆಂದು. ಊರಿನ ಕಿರಾಣಿ ಅಂಗಡಿಯ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಇಟ್ಟು ನೋಡಿಕೊಂಡರೆ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಎಲ್ಲರೆದುರು ಜಿಪ್ ಬಿಚ್ಚಿ ಕೋಡುಬಳೆ ಡಬ್ಬಿ ತೆಗೆಯುವುದು ತಪ್ಪುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಉಪ್ಪಿನಕಾಯಿ, ಖಾರದಪುಡಿ ದೊಡ್ಡ ಪೆಟ್ಟಿಗೆಗೆ. ಇನ್ಸುಲಿನ್ ಮಾತ್ರ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ, ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಅದು ಕೆಡುತ್ತದೆ. ಮಿಕ್ಸಿಯನ್ನು ಅಮೆರಿಕಕ್ಕೆ ಹೊರುವವರು ಈಗಲೂ ಇದ್ದಾರೆ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ದೋಸೆ ಹಿಟ್ಟು ರುಬ್ಬುವುದಿಲ್ಲ.

ಕೆಲಸ ಹಗುರಾದದ್ದೂ ಉಂಟು. ದೇಶದಲ್ಲೇ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ಮೈಸೂರಿನಲ್ಲಿ 2017ರ ಜನವರಿಯಲ್ಲಿ ತೆರೆದ ಮೇಲೆ ಕೋಟೆ, ಪಿರಿಯಾಪಟ್ಟಣದವರಿಗೆ ಬೆಂಗಳೂರಿನ ಅಲೆದಾಟ ತಪ್ಪಿತು. ದೇವನಹಳ್ಳಿಗೆ ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ಇದೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ಗಲ್ಫ್‌ಗೆ ಹೋಗುವವರಿಗೆ ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ ಮಾರ್ಗವೂ ಸಿಕ್ಕಿದೆ. ಆ ದಾರಿ ಹಿಡಿಯುವವರು ಮಳೆಗಾಲದಲ್ಲಿ ಮಾಕುಟ್ಟ ಘಾಟಿಯಲ್ಲಿ ಗುಡ್ಡ ಕುಸಿದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಎಚ್.ಡಿ. ಕೋಟೆಯಿಂದ ಬಾವಲಿ ಮೇಲೆ ಕೇರಳಕ್ಕೆ ಹೋಗುವ ಕಾಡಿನ ರಸ್ತೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್. ಟಿಕೆಟ್ಟಿನಲ್ಲಿ ವಿಮಾನ ನಡುರಾತ್ರಿಗೆ ಎಂದಿದ್ದರೂ ಬಾವಲಿ ಗೇಟನ್ನು ಮಧ್ಯಾಹ್ನವೇ ದಾಟಿಕೊಳ್ಳಿ.